ಎ ಪಾರ್ - ಬರ್: ಆದೇಶಕ್ಕೊಂದು ವ್ಯಾಕರಣ

ರೈಲಿನ ಸೀಟು ಖಾತ್ರಿಯಾಗಿದೆಯೇ ಎಂದು ತಿಳಿಯಲು ಮೊಬೈಲಿನಲ್ಲಿ ‘ಪಿಎನ್‌ಆರ್’ ಎಂದು ಬರೆದು, ಒಂದು ಜಾಗ ಬಿಟ್ಟು, ಟಿಕೆಟ್ಟಿನ ಮೇಲಿನ 10 ಅಂಕಿಗಳನ್ನು ಒತ್ತಿ 139ಕ್ಕೆ ಕಳಿಸುವುದು ಬಹಳ ಜನಕ್ಕೆ ಗೊತ್ತಿರುವ ಉಪಾಯ. ಅದೇ ಪ್ರಶ್ನೆಯನ್ನು ‘ಸ್ವಾಮಿ, ನಮ್ಮ ಸೀಟು ಆಯ್ತಾ?’ ಎಂದು ಬರೆದು ಕಳಿಸಿದರೆ ಪ್ರಯೋಜನವಿಲ್ಲ. ಕೌಂಟರಿನಲ್ಲಿ ಕೂತ ಗುಮಾಸ್ತರಿಗಾದರೆ ಹೇಗೆ ಕೇಳಿದರೂ ತಿಳಿಯುತ್ತದೆ. ಅವರಿಗಿಂತ ಸಾವಿರಪಟ್ಟು ಬೇಗ ಲೆಕ್ಕ ಮಾಡುವ ಯಂತ್ರಕ್ಕೆ ಮಾತ್ರ ಈ ಮಡಿ ಏಕೆ? ಎಷ್ಟು ಮಡಿ ನಿಜವಾಗಿ ಬೇಕು, ಎಷ್ಟು ಬರಿಯ ಹಟ?

ಈ ಪ್ರಶ್ನೆಗೆ ಉತ್ತರ ಹುಡುಕಲು ಬ್ಯಾಂಕು, ರೈಲ್ವೆಗಳಿಗಿಂತ ಒಳ್ಳೆಯ ಜಾಗ ಒಂದು ಆಟ. ಅದರಲ್ಲಿ ಏಳು ಜನ ಒಂದೇ ನಕ್ಷೆಯ ಮೇಲೆ ಯುದ್ಧ ಹೂಡುತ್ತಾರೆ. ಆದರೆ ಕಾಯಿ ಮುಟ್ಟಬೇಕಾಗಿಲ್ಲ, ಪರದೆಯ ಮೇಲೆ ಚಿತ್ರವೂ ಬೇಕಾಗಿಲ್ಲ. ಬರೆದ ಸಾಲುಗಳಷ್ಟೇ ಸಾಕು.

ದಾಳವಿಲ್ಲ, ಸರದಿಯಿಲ್ಲ

ಡಿಪ್ಲೊಮಸಿ ಎಂಬ ಈ ಆಟವನ್ನು ಅಮೆರಿಕದ ಆಲನ್ ಕ್ಯಾಲ್‌ಹ್ಯಾಮರ್ 1954ರಲ್ಲಿ ರೂಪಿಸಿದರು. ಪ್ರಕಾಶಕರು ಸಿಗದೆ 1959ರಲ್ಲಿ ತಾವೇ 500 ಪ್ರತಿ ಮಾಡಿಸಿ ಮಾರಿದರು. ನಕ್ಷೆ ಮೊದಲ ಮಹಾಯುದ್ಧಕ್ಕೆ ಮುಂಚಿನ ಯುರೋಪಿನದು. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿ, ಆಸ್ಟ್ರಿಯಾ, ರಷ್ಯಾ, ಟರ್ಕಿ ಎಂಬ ಏಳು ಶಕ್ತಿಗಳು. ನೆಲ, ನೀರು ಸೇರಿ 75 ಪ್ರದೇಶಗಳು. ಅವುಗಳಲ್ಲಿ 34 ಕಡೆ ಸೈನ್ಯಕ್ಕೆ ಅನ್ನ ಒದಗಿಸುವ ಕೇಂದ್ರಗಳಿವೆ. 18 ಕೇಂದ್ರ ಹಿಡಿದವರು ಗೆದ್ದಂತೆ. ಪಡೆಗಳಲ್ಲಿ ಎರಡೇ ಜಾತಿ, ನೆಲದ ಸೇನೆ ಮತ್ತು ಕಡಲ ನೌಕಾಪಡೆ. ರಷ್ಯಾಕ್ಕೆ ನಾಲ್ಕು, ಉಳಿದವರಿಗೆ ಮೂರು ಮೂರು, ಒಟ್ಟು 22 ಪಡೆಗಳಿಂದ ಆಟ ಶುರು.

ಚದುರಂಗದಲ್ಲಿ ಒಬ್ಬರು ನಡೆಸಿದ ಮೇಲೆ ಇನ್ನೊಬ್ಬರು ನಡೆಸುತ್ತಾರೆ. ಪಗಡೆಯಲ್ಲಿ ದಾಳ ಬಿದ್ದಂತೆ ಕಾಯಿ ಹೋಗುತ್ತದೆ. ಇಲ್ಲಿ ಎರಡೂ ಇಲ್ಲ. ಮೊದಲು ಸ್ವಲ್ಪ ಹೊತ್ತು ಮಾತುಕತೆ. ಆಣೆ ಪ್ರಮಾಣ ಮಾಡಬಹುದು, ಹಸಿ ಸುಳ್ಳು ಹೇಳಬಹುದು, ಎರಡಕ್ಕೂ ನಿಯಮದ ಅಡ್ಡಿಯಿಲ್ಲ. ಆಮೇಲೆ ಏಳೂ ಜನ ತಂತಮ್ಮ ಪಡೆಗಳ ಆದೇಶವನ್ನು ಗುಟ್ಟಾಗಿ ಚೀಟಿಯಲ್ಲಿ ಬರೆಯುತ್ತಾರೆ. ಚೀಟಿಗಳೆಲ್ಲ ಒಟ್ಟಿಗೇ ತೆರೆದುಕೊಳ್ಳುತ್ತವೆ, ಎಲ್ಲ ಪಡೆಗಳೂ ಒಟ್ಟಿಗೇ ಚಲಿಸುತ್ತವೆ.

ಬರವಣಿಗೆಗೆ ಇಷ್ಟು ಬೆಲೆ ಬಂದದ್ದು ಈ ‘ಒಟ್ಟಿಗೇ’ ಎಂಬುದರಿಂದ. ಚದುರಂಗದ ಕಾಯಿಯನ್ನು ಕೈಯಲ್ಲಿ ಎತ್ತಿಟ್ಟರೆ ನಡೆ ಯಾವುದೆಂಬ ಅನುಮಾನ ಉಳಿಯುವುದಿಲ್ಲ. ಏಳು ಜನರ ನಡೆ ಏಕಕಾಲಕ್ಕೆ ಆಗಬೇಕಾದರೆ ಅದನ್ನು ಮೊದಲೇ ಬರೆದಿಡದೆ ಗತಿಯಿಲ್ಲ. ಬರೆದಿಟ್ಟ ಮೇಲೆ ನಡೆ ಎಂದರೆ ಆ ಬರಹವೇ ಹೊರತು ಬರೆದವನ ಮನಸ್ಸಿನಲ್ಲಿದ್ದದ್ದಲ್ಲ. 1963ರಲ್ಲಿ ನ್ಯೂಯಾರ್ಕಿನ ಜಾನ್ ಬೋರ್ಡ್‌ಮನ್ ‘ಗ್ರೌಸ್ಟಾರ್ಕ್’ ಎಂಬ ಸಣ್ಣ ಪತ್ರಿಕೆ ಹೊರಡಿಸಿ ಈ ಆಟವನ್ನು ಅಂಚೆಯಲ್ಲಿ ಆಡಿಸತೊಡಗಿದಾಗ ಮೇಜೂ ಕಾಯಿಗಳೂ ಹಿಂದೆ ಸರಿದವು. ಉಳಿದದ್ದು ಲಕೋಟೆಯೊಳಗಿನ ಸಾಲುಗಳು ಮಾತ್ರ.

ಅಂಥ ಒಂದು ಸಾಲು ಹೀಗಿರುತ್ತದೆ: ಎ ಪಾರ್ - ಬರ್. ‘ಎ’ ಎಂದರೆ ಆರ್ಮಿ, ಸೇನೆ. ‘ಪಾರ್’ ಪ್ಯಾರಿಸ್, ‘ಬರ್’ ಬರ್ಗಂಡಿ. ನಡುವಿನ ಅಡ್ಡಗೀಟು ‘ಹೋಗಲಿ’ ಎಂಬ ಕ್ರಿಯಾಪದ. ಮೂಲದಲ್ಲಿ ಪ್ರತಿ ಊರಿಗೂ ಮೂರು ರೋಮನ್ ಅಕ್ಷರ. ಇಲ್ಲಿ ಅದರ ಉಚ್ಚಾರವನ್ನು ಕನ್ನಡದಲ್ಲಿ ಬರೆದಿದೆ.

ದಿನಸಿ ಚೀಟಿ

ಮನೆಯಿಂದ ಅಂಗಡಿಗೆ ಹೋಗುವ ಚೀಟಿಯಲ್ಲಿ ‘ಬೇಳೆ 1, ರವೆ 2, ಎಣ್ಣೆ 1’ ಎಂದಿರುತ್ತದೆ. ಇಪ್ಪತ್ತು ವರ್ಷದಿಂದ ಗೊತ್ತಿರುವ ಅಂಗಡಿಯವರು ತೊಗರಿಬೇಳೆ ಒಂದು ಕೆಜಿ, ಬನ್ಸಿ ರವೆ ಎರಡು ಕೆಜಿ, ಕಡಲೆಕಾಯಿ ಎಣ್ಣೆ ಒಂದು ಲೀಟರ್ ಕಟ್ಟಿ ಕೊಡುತ್ತಾರೆ. ಮೊನ್ನೆ ಕೆಲಸಕ್ಕೆ ಸೇರಿದ ಹುಡುಗ ಅದೇ ಚೀಟಿ ಹಿಡಿದು ನಿಂತುಬಿಡುತ್ತಾನೆ. ಬೇಳೆ ಯಾವುದು, ತೊಗರಿಯೋ ಕಡಲೆಯೋ? ರವೆ ದಪ್ಪವೋ ಸಣ್ಣವೋ? ಬರೆದವರು ಎದುರಿಗಿದ್ದರೆ ಕೇಳಬಹುದಿತ್ತು.

ಯಂತ್ರ ಎಂದೆಂದೂ ಹೊಸ ಹುಡುಗನೇ. ಅದಕ್ಕೆ ಮನೆಯ ಪರಿಚಯವಿಲ್ಲ. ಹಾಗಾಗಿ ಎರಡರಲ್ಲಿ ಒಂದು ಆಗಬೇಕು: ಚೀಟಿಯಲ್ಲಿ ಎಲ್ಲವನ್ನೂ ಬಿಡಿಸಿ ಬರೆಯಬೇಕು, ಇಲ್ಲವೇ ಬಿಟ್ಟದ್ದನ್ನು ತುಂಬಿಕೊಳ್ಳುವ ವಿಧಾನವನ್ನು ಮೊದಲೇ ಹೇಳಿಕೊಟ್ಟಿರಬೇಕು. ಆದೇಶಗಳ ವ್ಯಾಕರಣ ಈ ಎರಡರ ನಡುವಿನ ಚೌಕಾಸಿ. ಬರೆಯುವವರಿಗೆ ಕಡಿಮೆ ಅಕ್ಷರ ಬೇಕು, ಓದುವವರಿಗೆ ಕಡಿಮೆ ಅನುಮಾನ ಬೇಕು. ಪದಕ್ಕಿಷ್ಟು ಎಂದು ದುಡ್ಡು ತೆತ್ತು ಟೆಲಿಗ್ರಾಂ ಕಳಿಸುತ್ತಿದ್ದ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಓದುವ ಕೆಲಸವನ್ನು ಹಳಗನ್ನಡ ಪಾಠದ ಕ್ರಮದಲ್ಲೇ ವಿವರಿಸಬಹುದು. ಮೇಷ್ಟರು ಪದ್ಯವನ್ನು ಮೊದಲು ಪದವಿಭಾಗ ಮಾಡಿಸುತ್ತಾರೆ, ಆಮೇಲೆ ಅನ್ವಯ, ಕೊನೆಗೆ ತಾತ್ಪರ್ಯ. ಗಣಕಯಂತ್ರದವರು ಇವನ್ನು ಟೋಕನೈಸಿಂಗ್, ಪಾರ್ಸಿಂಗ್, ಸೆಮ್ಯಾಂಟಿಕ್ಸ್ ಎಂದು ಕರೆಯುತ್ತಾರೆ. ಕೆಲಸ ಅದೇ, ಕ್ರಮವೂ ಅದೇ.

ಪದವಿಭಾಗ: ಕಾಳು ಬಿಡಿಸುವುದು

‘ಎ ಪಾರ್ - ಬರ್’ ಎಂಬುದು ಯಂತ್ರಕ್ಕೆ ತಲುಪುವಾಗ ಬರಿಯ ಅಕ್ಷರಗಳ ಸರ. ನಡುವಿನ ಖಾಲಿ ಜಾಗವೂ ಅದರ ಪಾಲಿಗೆ ಒಂದು ಅಕ್ಷರವೇ. ಮೊದಲ ಕೆಲಸ ಈ ಸರವನ್ನು ಕತ್ತರಿಸಿ ಕಾಳು ಬಿಡಿಸುವುದು. ಖಾಲಿ ಜಾಗ ಸಿಕ್ಕ ಕಡೆ ಕತ್ತರಿಸಿದರೆ ನಾಲ್ಕು ಕಾಳು ಉದುರುತ್ತವೆ: ಪಡೆಯ ಜಾತಿ, ಊರು, ಅಡ್ಡಗೀಟು, ಊರು. 139ಕ್ಕೆ ಕಳಿಸುವಾಗ ‘ಜಾಗ ಬಿಟ್ಟು’ ಎಂದು ಒತ್ತಿ ಹೇಳುವುದು ಇದಕ್ಕೇ. ಆ ಜಾಗವೇ ಕತ್ತರಿ ಹಾಕುವ ಗುರುತು.

ಕಾಳು ಬಿಡಿಸಿದ ಮೇಲೆ ಪ್ರತಿಯೊಂದೂ ಯಾವ ಡಬ್ಬಿಯದು ಎಂದು ನೋಡಬೇಕು. ಇದಕ್ಕೆ ಯಂತ್ರದ ಬಳಿ ಒಂದು ಪಟ್ಟಿ ಇರುತ್ತದೆ. ಪಟ್ಟಿ ಮಾಡುವುದು ಸುಲಭ ಎನಿಸುತ್ತದೆ. ಊರ ಹೆಸರಿನ ಮೊದಲ ಮೂರಕ್ಷರ ತೆಗೆದುಕೊಂಡರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ರೈಲ್ವೆಯವರು ಮಂಗಳೂರಿನ ಎರಡು ನಿಲ್ದಾಣಗಳಿಗೆ ಎಂಎಕ್ಯೂ, ಎಂಎಜೆಎನ್ ಎಂದು ಬೇರೆ ಬೇರೆ ಗುರುತು ಕೊಟ್ಟಿರುವಂತೆ ಇಲ್ಲಿಯೂ ಮಾಡಬೇಕಾಗುತ್ತದೆ. ಡಿಪ್ಲೊಮಸಿಯ ನಕ್ಷೆಯಲ್ಲಿ ನಾರ್ವೆ ಇದೆ, ನಾರ್ತ್ ಸೀ ಇದೆ, ನಾರ್ವೀಜಿಯನ್ ಸೀ ಇದೆ. ಮೂರೂ ಶುರುವಾಗುವುದು ‘ನಾರ್’ ಎಂದೇ. ಲಿವರ್‌ಪೂಲ್ ಮತ್ತು ಲಿವೋನಿಯಾ, ಟೈರೋಲಿಯಾ ಮತ್ತು ಟೈರೀನಿಯನ್ ಸೀ ಕೂಡ ಹೀಗೆ ಒಂದೇ ಮುಖದ ಜೋಡಿಗಳು. ಅದಕ್ಕಾಗಿ ನಾರ್ತ್ ಸೀಗೆ ಎನ್‌ಟಿಎಚ್, ನಾರ್ವೀಜಿಯನ್ ಸೀಗೆ ಎನ್‌ಡಬ್ಲ್ಯುಜಿ, ನಾರ್ವೆಗೆ ಎನ್‌ಡಬ್ಲ್ಯುವೈ, ಲಿವರ್‌ಪೂಲಿಗೆ ಎಲ್‌ವಿಪಿ ಎಂಬ ಗುರುತುಗಳು ರೂಢಿಗೆ ಬಂದವು. ಹೊಸದಾಗಿ ಆಡುವವರು ಮೊದಲು ಎಡವುವುದು ಇಲ್ಲಿಯೇ.

‘ನಾರ್’ ಎಂದು ಬರೆದರೆ

ರೂಢಿಯ ಪಟ್ಟಿಯನ್ನು ನೋಡದೆ ಬರೆದವರ ಗತಿ ಏನು? ಈ ಆಟದ ಹಳೆಯ ನಿಯಮಪುಸ್ತಕ ಇದಕ್ಕೆ ಒಂದು ಉದಾರವಾದ ಸೂತ್ರ ಕೊಟ್ಟಿದೆ. ಕೆಟ್ಟದಾಗಿ ಬರೆದಿದ್ದರೂ ಒಂದೇ ಅರ್ಥ ಹೊರಡುವಂತಿದ್ದರೆ ಆದೇಶ ನಡೆಯಬೇಕು. ಎರಡು ಅರ್ಥ ಹೊರಟರೆ ನಡೆಯಬಾರದು. ಕಾಗುಣಿತಕ್ಕೆ ಇಲ್ಲಿ ಮಾಫಿ ಇದೆ, ದ್ವಂದ್ವಾರ್ಥಕ್ಕೆ ಇಲ್ಲ. ಕಾನೂನು ಬರೆಯುವವರು ಕೂಡ ಕಲಿಯಬಹುದಾದ ಸೂತ್ರವಿದು.

ಇದನ್ನು ಹತ್ತಿರದಿಂದ ನೋಡಬಹುದು. ಇಟಲಿಯವರು ‘ಎ ವೆನ್ - ಟೈರ್’ ಎಂದು ಬರೆದಿದ್ದಾರೆ ಎನ್ನೋಣ. ‘ಟೈರ್’ ಟೈರೋಲಿಯಾ ಆಗಬಹುದು, ಟೈರೀನಿಯನ್ ಸಮುದ್ರವೂ ಆಗಬಹುದು. ಆದರೆ ಸಾಲಿನ ತಲೆಯಲ್ಲಿ ‘ಎ’ ಇದೆ. ವೆನಿಸ್ಸಿನಲ್ಲಿರುವುದು ನೆಲದ ಸೇನೆ, ಅದು ಸಮುದ್ರದಲ್ಲಿ ನಿಲ್ಲಲಾರದು. ಹಾಗಾಗಿ ಟೈರೋಲಿಯಾ. ಅದೇ ಆಟಗಾರರ ಇನ್ನೊಂದು ಸಾಲು ‘ಎಫ್ ನಾಪ್ - ಟೈರ್’. ‘ಎಫ್’ ಎಂದರೆ ಫ್ಲೀಟ್, ನೌಕಾಪಡೆ. ನೇಪಲ್ಸಿನ ಹಡಗು ಬೆಟ್ಟದ ನಾಡಾದ ಟೈರೋಲಿಯಾಕ್ಕೆ ಹೋಗದು. ಹಾಗಾಗಿ ಸಮುದ್ರ. ಒಂದೇ ಗುರುತು ಎರಡು ಸಾಲಿನಲ್ಲಿ ಎರಡು ಅರ್ಥ ಕೊಟ್ಟರೂ ಎಲ್ಲಿಯೂ ಅನುಮಾನ ಉಳಿಯಲಿಲ್ಲ. ಸೇನೆಯೋ ನೌಕೆಯೋ ಎಂಬುದು ನಕ್ಷೆ ನೋಡಿದರೆ ತಿಳಿದೇ ತಿಳಿಯುತ್ತದೆ, ಮತ್ತೆ ಬರೆಯುವುದೇಕೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಅನಗತ್ಯವೆಂದು ಕಾಣುವ ಆ ಒಂದು ಅಕ್ಷರ ಮುಂದೆ ಬರುವ ತಪ್ಪಿಗೆ ಜಾಮೀನು.

ಈಗ ಇಂಗ್ಲೆಂಡಿನವರ ಸಾಲು: ‘ಎಫ್ ಎಡಿ - ನಾರ್’. ಎಡಿನ್‌ಬರೋದ ನೌಕಾಪಡೆ ಎಲ್ಲಿಗೆ ಹೋಗಬೇಕು? ನಕ್ಷೆ ನೋಡಿದರೆ ನಾರ್ವೆ ಪಕ್ಕದಲ್ಲಿಲ್ಲ. ಅದು ಬಿಟ್ಟುಹೋಯಿತು. ಉಳಿದವು ನಾರ್ತ್ ಸೀ ಮತ್ತು ನಾರ್ವೀಜಿಯನ್ ಸೀ, ಎರಡೂ ಎಡಿನ್‌ಬರೋಕ್ಕೆ ತಗುಲಿಕೊಂಡೇ ಇವೆ. ಎಷ್ಟು ತಲೆ ಕೆರೆದುಕೊಂಡರೂ ಒಂದಕ್ಕೆ ಇಳಿಯುವುದಿಲ್ಲ. ಆದೇಶ ಬಿದ್ದುಹೋಯಿತು, ಹಡಗು ನಿಂತಲ್ಲೇ ನಿಂತಿತು.

ಹಾಗೆ ನಿಲ್ಲುವುದೂ ವ್ಯಾಕರಣದ ಒಂದು ಭಾಗವೇ. ಆದೇಶ ಬಾರದಿದ್ದರೆ, ಬಂದದ್ದು ಅರ್ಥವಾಗದಿದ್ದರೆ, ಪಡೆ ಇದ್ದಲ್ಲೇ ಇರುತ್ತದೆ. ಯಂತ್ರ ಊಹೆ ಮಾಡಿ ಯಾರದೋ ಸೇನೆಯನ್ನು ಎಲ್ಲಿಗೋ ಅಟ್ಟುವುದಕ್ಕಿಂತ ಸುಮ್ಮನಿರುವುದು ವಾಸಿ.

ಅನ್ವಯ: ವಿಭಕ್ತಿ ಎಲ್ಲಿ ಹೋಯಿತು?

ಕನ್ನಡದಲ್ಲಿ ‘ಪ್ಯಾರಿಸ್ಸಿನಿಂದ ಸೇನೆ ಬರ್ಗಂಡಿಗೆ ಹೋಗಲಿ’ ಎನ್ನಬಹುದು. ‘ಬರ್ಗಂಡಿಗೆ ಹೋಗಲಿ ಪ್ಯಾರಿಸ್ಸಿನಿಂದ ಸೇನೆ’ ಎಂದರೂ ಅರ್ಥ ಕೆಡುವುದಿಲ್ಲ. ‘ಇಂದ’ ಎಂಬುದು ಹೊರಟ ಊರಿಗೆ ಅಂಟಿಕೊಂಡಿದೆ, ‘ಗೆ’ ಸೇರುವ ಊರಿಗೆ. ಪದಗಳನ್ನು ಕಲಸಿ ಎಸೆದರೂ ಯಾರು ಎಲ್ಲಿಂದ ಎಲ್ಲಿಗೆ ಎಂಬುದು ಪ್ರತ್ಯಯದಲ್ಲಿ ಭದ್ರವಾಗಿದೆ. ಹಳಗನ್ನಡ ಪದ್ಯದಲ್ಲಿ ಕರ್ತೃ ಮೊದಲ ಸಾಲಿನಲ್ಲಿ, ಕರ್ಮ ಮೂರನೆಯದರಲ್ಲಿ ಇದ್ದರೂ ಅನ್ವಯ ಸಾಧ್ಯವಾಗುವುದು ಇದರಿಂದಲೇ.

‘ಎ ಪಾರ್ - ಬರ್’ ಎಂಬಲ್ಲಿ ಪ್ರತ್ಯಯವಿಲ್ಲ. ‘ಎ ಬರ್ - ಪಾರ್’ ಎಂದು ತಿರುಗಿಸಿದರೆ ಬರ್ಗಂಡಿಯ ಸೇನೆ ಪ್ಯಾರಿಸ್ಸಿಗೆ ಹೊರಟುಬಿಡುತ್ತದೆ. ಇಲ್ಲಿ ವಿಭಕ್ತಿಯ ಕೆಲಸ ಮಾಡುವುದು ಜಾಗ. ಅಡ್ಡಗೀಟಿನ ಎಡಕ್ಕಿದ್ದದ್ದು ಪಂಚಮಿ, ಬಲಕ್ಕಿದ್ದದ್ದು ಚತುರ್ಥಿ. ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ತುದಿಗೆ ಉಪ್ಪು, ಅದರ ಪಕ್ಕ ಕೋಸಂಬರಿ ಎಂದು ಜಾಗ ಗೊತ್ತಿರುವಂತೆ ಇಲ್ಲಿ ಪ್ರತಿ ಕಾಳಿಗೂ ಒಂದು ಸ್ಥಾನ ಗೊತ್ತಾಗಿದೆ. ಬಡಿಸುವವರು ಹೆಸರು ಹೇಳಬೇಕಾಗಿಲ್ಲ.

ಈ ಸ್ಥಾನಗಳ ನಿಯಮವನ್ನು ಬರೆದಿಡಲು ಗಣಕಶಾಸ್ತ್ರದಲ್ಲಿ ಒಂದು ಪದ್ಧತಿ ಇದೆ. ‘ಆದೇಶ ಎಂದರೆ ಪಡೆ, ಅದರ ಮುಂದೆ ಕ್ರಿಯೆ. ಪಡೆ ಎಂದರೆ ಜಾತಿ, ಅದರ ಮುಂದೆ ಊರು. ಕ್ರಿಯೆ ಎಂದರೆ ನಿಲ್ಲುವುದು, ಅಥವಾ ಹೋಗುವುದು, ಅಥವಾ...’ ಎಂದು ಒಂದೊಂದು ಪದವನ್ನೂ ಅದಕ್ಕಿಂತ ಚಿಕ್ಕ ಪದಗಳಿಂದ ಕಟ್ಟುತ್ತ ಹೋಗುವ ಪದ್ಧತಿ. ಇದನ್ನು ಜಾನ್ ಬ್ಯಾಕಸ್ ಮಂಡಿಸಿದ್ದು 1959ರಲ್ಲಿ, ಅದೂ ಪ್ಯಾರಿಸ್ಸಿನ ಯುನೆಸ್ಕೊ ಸಮ್ಮೇಳನದಲ್ಲಿ. ಕ್ಯಾಲ್‌ಹ್ಯಾಮರರ 500 ಪ್ರತಿಗಳು ಹೊರಬಂದದ್ದೂ ಅದೇ ವರ್ಷ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಘಟನೆಗಳು, ಬರಿಯ ಕಾಕತಾಳೀಯ. ಬ್ಯಾಕಸ್ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು 1967ರಲ್ಲಿ ಪೀಟರ್ ಇಂಗರ್‌ಮನ್ ಸೂಚಿಸಿದ್ದರು. ಸೂತ್ರದಿಂದ ಸೂತ್ರ ಕಟ್ಟುವ ಆ ಉಪಾಯ ಅಷ್ಟಾಧ್ಯಾಯಿಯಲ್ಲಿ ಆಗಲೇ ಇತ್ತು ಎಂಬುದು ಅವರ ವಾದ. ಹೆಸರು ಬದಲಾಗಲಿಲ್ಲ.

ವಾಕ್ಯದೊಳಗೊಂದು ವಾಕ್ಯ

ನಿಲ್ಲುವುದು, ಹೋಗುವುದು ಎರಡೇ ಇದ್ದಿದ್ದರೆ ಈ ಆಟಕ್ಕೆ ವ್ಯಾಕರಣದ ಮಾತೇ ಬೇಕಿರಲಿಲ್ಲ, ಒಂದು ಕೋಷ್ಟಕ ಸಾಕಿತ್ತು. ಸ್ವಾರಸ್ಯ ಬರುವುದು ಮೂರನೆಯ ಕ್ರಿಯೆಯಿಂದ, ಅದು ಬೆಂಬಲ.

ಎಲ್ಲ ಪಡೆಗಳ ಬಲವೂ ಒಂದೇ. ಪ್ಯಾರಿಸ್ಸಿನ ಸೇನೆಯೂ ಮ್ಯೂನಿಕ್ಕಿನ ಸೇನೆಯೂ ಏಕಕಾಲಕ್ಕೆ ಬರ್ಗಂಡಿಗೆ ನುಗ್ಗಿದರೆ ಯಾರೂ ಒಳಗೆ ಹೋಗುವುದಿಲ್ಲ, ಇಬ್ಬರೂ ಹಿಂದಕ್ಕೆ ಪುಟಿಯುತ್ತಾರೆ. ಗೆಲ್ಲಬೇಕಾದರೆ ಪಕ್ಕದ ಇನ್ನೊಂದು ಪಡೆ ಹೆಗಲು ಕೊಡಬೇಕು. ಮಾರ್ಸೇಲ್ಸಿನ ಸೇನೆ ಹೆಗಲು ಕೊಡುವುದಾದರೆ ಸಾಲು ಹೀಗೆ: ಎ ಮಾರ್ ಎಸ್ ಎ ಪಾರ್ - ಬರ್. ‘ಎಸ್’ ಎಂದರೆ ಸಪೋರ್ಟ್. ಅದರ ಬಲಕ್ಕೆ ನೋಡಿದರೆ ಒಂದು ಇಡೀ ಆದೇಶ ಕೂತಿದೆ, ಹಿಂದೆ ಕಂಡ ‘ಎ ಪಾರ್ - ಬರ್’ ಎಂಬುದೇ. ‘ಪ್ಯಾರಿಸ್ಸಿನ ಸೇನೆ ಬರ್ಗಂಡಿಗೆ ಹೋಗಲಿ ಎಂಬುದಕ್ಕೆ ಮಾರ್ಸೇಲ್ಸಿನ ಸೇನೆಯ ಬೆಂಬಲವಿದೆ’ ಎಂದು ಕನ್ನಡಿಸಿದರೆ ಆ ‘ಎಂಬುದಕ್ಕೆ’ ಮಾಡುವ ಕೆಲಸವನ್ನೇ ಇಲ್ಲಿ ‘ಎಸ್’ ಮಾಡುತ್ತಿದೆ. ವಾಕ್ಯವೊಂದು ಇನ್ನೊಂದು ವಾಕ್ಯದೊಳಗೆ ನಾಮಪದದಂತೆ ಬಂದು ಕೂತಿದೆ.

ಬೆಂಬಲಿಸಲು ‘ಎ ಮಾರ್ ಎಸ್ ಬರ್’ ಎಂದಷ್ಟೇ ಬರೆದರೆ ಸಾಲದೇ? ಸಾಲದು. ಬರ್ಗಂಡಿಗೆ ಇಬ್ಬರು ನುಗ್ಗುತ್ತಿರುವಾಗ ಹೆಗಲು ಯಾರಿಗೆ? ಬೆಂಬಲವನ್ನು ತನ್ನವರಿಗೇ ಕೊಡಬೇಕೆಂದಿಲ್ಲ, ಬೇರೆ ದೇಶದ ಸೇನೆಗೂ ಕೊಡಬಹುದು. ಜರ್ಮನಿಯವರು ಫ್ರಾನ್ಸಿಗೆ ಮಾತು ಕೊಟ್ಟಿದ್ದರೆ ‘ಎ ಮುನ್ ಎಸ್ ಎ ಪಾರ್ - ಬರ್’ ಎಂದು ಬರೆಯುತ್ತಾರೆ. ಇಲ್ಲಿ ವ್ಯಾಕರಣ ರಾಜಕೀಯದ ಕೈ ಹಿಡಿಯುತ್ತದೆ. ಒಳಗಿನ ವಾಕ್ಯ ಪ್ಯಾರಿಸ್ಸಿನ ಸೇನೆ ನಿಜವಾಗಿ ಪಡೆದ ಆದೇಶಕ್ಕೆ ಅಕ್ಷರಶಃ ಹೊಂದಬೇಕು. ಫ್ರಾನ್ಸ್ ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿ ಪ್ಯಾರಿಸ್ಸಿನ ಸೇನೆಯನ್ನು ಪಿಕಾರ್ಡಿಗೆ ಕಳಿಸಿದರೆ ಮ್ಯೂನಿಕ್ಕಿನ ಬೆಂಬಲ ವ್ಯರ್ಥ. ಎರಡು ಚೀಟಿಗಳು, ಎರಡು ಕೈಬರಹ, ನಡುವೆ ಒಂದೇ ವಾಕ್ಯ. ಮಾತುಕತೆಯಲ್ಲಿ ಹುಟ್ಟಿದ ನಂಬಿಕೆ ಕಾಗದದ ಮೇಲೆ ಪರೀಕ್ಷೆಗೆ ಒಳಗಾಗುವುದು ಇಲ್ಲಿ.

ಈ ಗೂಡು ಎಷ್ಟು ಆಳಕ್ಕೆ ಹೋಗುತ್ತದೆ? ಬೆಂಬಲಿಸುತ್ತಿರುವವರನ್ನೇ ಬೆಂಬಲಿಸಬಹುದು. ಆದರೆ ಆಗ ಅವರ ಆದೇಶವನ್ನೆಲ್ಲ ಮತ್ತೆ ಬರೆಯಬೇಕಿಲ್ಲ. ‘ಎ ಬರ್ ಎಸ್ ಎ ಮಾರ್’ ಎಂದರೆ ಸಾಕು, ನಿಂತಲ್ಲಿ ನಿಂತವರಿಗೆ ಆಸರೆ. ಹೀಗೆ ವಾಕ್ಯದ ಒಳಗೆ ಒಂದೇ ಮಹಡಿ, ಅದರ ಒಳಗೆ ಮತ್ತೊಂದಿಲ್ಲ. ಪ್ರೋಗ್ರಾಂ ಬರೆಯುವವರಿಗೆ ಇದು ದೊಡ್ಡ ನಿರಾಳ.

ನಾಲ್ಕನೆಯದು ಸಾಗಣೆ, ಕಾನ್ವಾಯ್. ಸೇನೆಯನ್ನು ಹಡಗು ಕಡಲು ದಾಟಿಸುವುದು. ಲಂಡನ್ನಿನ ಸೇನೆ ನಾರ್ವೆಗೆ ಹೋಗಬೇಕಾದರೆ ಸೇನೆಗೆ ಒಂದು ಆದೇಶ, ನಾರ್ತ್ ಸೀಯ ನೌಕೆಗೆ ಇನ್ನೊಂದು: ಎಫ್ ಎನ್‌ಟಿಎಚ್ ಸಿ ಎ ಲಾನ್ - ಎನ್‌ಡಬ್ಲ್ಯುವೈ. ಅಚ್ಚು ಅದೇ, ‘ಎಸ್’ ಇದ್ದಲ್ಲಿ ‘ಸಿ’. ಹಿಮ್ಮೆಟ್ಟುವುದು, ಹೊಸ ಪಡೆ ಕಟ್ಟುವುದು, ವಿಸರ್ಜಿಸುವುದು ಎಂಬ ಇನ್ನು ಕೆಲವು ಆದೇಶಗಳಿವೆ. ಅವುಗಳಲ್ಲಿ ವಿಶೇಷವೇನೂ ಇಲ್ಲ.

ಸ್ಪೇನಿನ ಎರಡು ಕರಾವಳಿ

ಕಾಳು ಸರಿ, ಸ್ಥಾನ ಸರಿ, ಹೊರಟ ಊರು ತಲುಪುವ ಊರು ಎರಡೂ ಸರಿ. ಆದರೂ ಆದೇಶ ಬೀಳಬಹುದು. ‘ಎಫ್ ಪೋರ್ - ಸ್ಪಾ’, ಪೋರ್ಚುಗಲ್ಲಿನ ನೌಕಾಪಡೆ ಸ್ಪೇನಿಗೆ ಎಂಬ ಸಾಲಿನಲ್ಲಿ ವ್ಯಾಕರಣದೋಷ ಹುಡುಕಿದರೂ ಸಿಗದು. ದೋಷ ಇರುವುದು ಭೂಗೋಳದಲ್ಲಿ. ಸ್ಪೇನಿನ ಉತ್ತರಕ್ಕೊಂದು ಕರಾವಳಿ, ದಕ್ಷಿಣಕ್ಕೊಂದು. ಪೋರ್ಚುಗಲ್ಲಿನಿಂದ ಎರಡಕ್ಕೂ ದಾರಿ ಇದೆ. ಉತ್ತರದಲ್ಲಿ ನಿಂತ ಹಡಗು ಮುಂದಿನ ಸಲ ಮಾರ್ಸೇಲ್ಸಿಗೆ ಹೋಗಲಾರದು, ದಕ್ಷಿಣದಲ್ಲಿ ನಿಂತದ್ದು ಗ್ಯಾಸ್ಕನಿಗೆ ಹೋಗಲಾರದು. ಆದ್ದರಿಂದ ಯಾವ ಕರಾವಳಿ ಎಂದು ಬರೆಯಲೇಬೇಕು. ಅದೇ ಹಡಗು ಮಾರ್ಸೇಲ್ಸಿನಿಂದ ಹೊರಟಿದ್ದರೆ ದಕ್ಷಿಣ ಬಿಟ್ಟು ಬೇರೆ ದಾರಿಯಿಲ್ಲ, ಬರೆಯದಿದ್ದರೂ ನಡೆದೀತು. ಸೇನೆಗಾದರೆ ಈ ಗೋಜೇ ಇಲ್ಲ, ಅದು ಸ್ಪೇನಿನ ನಡುವೆ ನಿಲ್ಲುತ್ತದೆ. ಬಲ್ಗೇರಿಯಾ ಮತ್ತು ಸೇಂಟ್ ಪೀಟರ್ಸ್‌ಬರ್ಗಿನಲ್ಲೂ ಇದೇ ಕಥೆ. ಇಡೀ ನಕ್ಷೆಯಲ್ಲಿ ಮೂರೇ ಊರುಗಳಿಗಾಗಿ ವ್ಯಾಕರಣಕ್ಕೆ ಒಂದು ಬಾಲ ಸೇರಿಸಬೇಕಾಯಿತು.

ಅಂಚೆಯಿಂದ ಮಿಂಚಂಚೆಗೆ

ಅಂಚೆಯ ಕಾಲದಲ್ಲಿ ಚೀಟಿಗಳನ್ನು ಓದುತ್ತಿದ್ದವರು ಮನುಷ್ಯರು. ಸೃಷ್ಟಿಕರ್ತ ಕ್ಯಾಲ್‌ಹ್ಯಾಮರ್ ಕೂಡ ಮುಂದೆ ಇಲಿನಾಯ್ ರಾಜ್ಯದಲ್ಲಿ ಅಂಚೆ ಹಂಚುವ ಕೆಲಸ ಮಾಡಿದವರು. ತಮ್ಮದೇ ಆಟದ ಆದೇಶ ಹೊತ್ತ ಲಕೋಟೆ ಎಂದಾದರೂ ಅವರ ಚೀಲಕ್ಕೆ ಬಿದ್ದಿತ್ತೋ ಏನೋ. 1980ರ ದಶಕದ ಕೊನೆಗೆ ಕೆನ್ ಲೋ ಬರೆದ ‘ಜಡ್ಜ್’ ಎಂಬ ಪ್ರೋಗ್ರಾಂ ಈ ಓದುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿತು. ಆಟಗಾರರು ಅದಕ್ಕೆ ಇಮೇಲ್ ಕಳಿಸುತ್ತಿದ್ದರು, ಅದು ಓದಿ ಉತ್ತರ ಬರೆಯುತ್ತಿತ್ತು.

ಇಲ್ಲಿ ಹೊಸ ತೊಡಕು. ಇಮೇಲಿನಲ್ಲಿ ಆದೇಶವಲ್ಲದ ಸಾಲುಗಳೂ ಇರುತ್ತವೆ. ಕೆಳಗೆ ಹೆಸರು, ವಿಳಾಸ, ಯಾವುದೋ ಸುಭಾಷಿತ. ಅದನ್ನೂ ಆದೇಶವೆಂದು ಓದತೊಡಗಿದರೆ ಜಡ್ಜ್ ಕಂಗಾಲು. ಅದಕ್ಕಾಗಿ ಪತ್ರದ ಆರಂಭಕ್ಕೆ ‘ಸೈನ್‌ಆನ್’ ಎಂಬ ಸಾಲು. ಅದರಲ್ಲಿ ದೇಶದ ಮೊದಲಕ್ಷರ, ಆಟದ ಹೆಸರು, ಗುಟ್ಟಿನ ಪದ. ಕೊನೆಗೆ ‘ಸೈನ್‌ಆಫ್’. ಆಮೇಲೆ ಏನಿದ್ದರೂ ಜಡ್ಜ್ ಕಣ್ಣೆತ್ತಿ ನೋಡುವುದಿಲ್ಲ. ಬೇರೆಯವರಿಗೆ ಸಂದೇಶ ಕಳಿಸಬೇಕಾದರೆ ‘ಪ್ರೆಸ್ ಟು’ ಎಂದು ದೇಶಗಳ ಮೊದಲಕ್ಷರ ಬರೆದು, ಹೇಳುವುದನ್ನು ಹೇಳಿ, ‘ಎಂಡ್‌ಪ್ರೆಸ್’ ಎಂದು ಮುಗಿಸಬೇಕು. ಆ ಎರಡರ ನಡುವೆ ಏನು ಬರೆದರೂ ಯಂತ್ರ ಅದನ್ನು ಓದದೆ ದಾಟಿಸುತ್ತದೆ. ಏಳು ಶಕ್ತಿಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಏಳೂ ಬೇರೆ ಬೇರೆ ಎಂಬುದು ಇಲ್ಲಿ ಬಹಳ ಅನುಕೂಲಕ್ಕೆ ಬಂತು.

ಆದೇಶ ತಲುಪಿದ ಮೇಲೆ ಜಡ್ಜ್ ಅದನ್ನು ತನಗೆ ಅರ್ಥವಾದಂತೆ ಪೂರ್ತಿ ಬಿಡಿಸಿ ಮರಳಿಸುತ್ತಿತ್ತು. ‘ಎ ಪಾರ್ - ಬರ್’ ಎಂದು ಕಳಿಸಿದವರಿಗೆ ‘ಆರ್ಮಿ ಪ್ಯಾರಿಸ್’ ಎಂದು ಶುರುವಾಗಿ, ಒಂದು ಬಾಣದ ಗುರುತು, ಮುಂದೆ ‘ಬರ್ಗಂಡಿ’ ಎಂದು ಬರುತ್ತಿತ್ತು. ಹೋಟೆಲಿನಲ್ಲಿ ಮಾಣಿ ‘ಎರಡು ಮಸಾಲೆ, ಒಂದು ಕಾಫಿ ಅಲ್ವಾ ಸಾರ್’ ಎಂದು ತಿರುಗಿ ಕೇಳುವಂತೆ. ಫಲಿತಾಂಶ ಬಂದಾಗ ವಿಫಲವಾದ ಸಾಲಿನ ಮುಂದೆ ‘ಬೌನ್ಸ್’, ಬೆಂಬಲ ಮುರಿದಿದ್ದರೆ ‘ಕಟ್’, ಒಳಗಿನ ವಾಕ್ಯ ಹೊಂದದಿದ್ದರೆ ‘ವಾಯ್ಡ್’ ಎಂಬ ಚುಟುಕು ಟಿಪ್ಪಣಿ.

ತಿರುಗಿ ಹೇಳುವ ಈ ಅಭ್ಯಾಸದಿಂದ ಒಂದು ಹಳೆಯ ಕುತಂತ್ರದ ಬಲ ಕುಗ್ಗಿತು. ಮಿತ್ರನಿಗೆ ಬೆಂಬಲ ಕೊಡುವುದಾಗಿ ಹೇಳಿ, ಬೇಕೆಂದೇ ಒಂದು ಗುರುತು ತಪ್ಪು ಬರೆದು, ಆಮೇಲೆ ‘ಅಯ್ಯೋ, ಕೈತಪ್ಪು’ ಎನ್ನುವುದು ಈ ಆಟದಲ್ಲಿ ಬಲ್ಲವರೆಲ್ಲ ಬಲ್ಲ ಉಪಾಯ. ಯಂತ್ರ ತಪ್ಪನ್ನು ಕಣ್ಣೆದುರಿಗೇ ಹಿಡಿದು ತೋರಿಸಿದ ಮೇಲೂ ತಿದ್ದದವರ ‘ಕೈತಪ್ಪ’ನ್ನು ಯಾರು ನಂಬಬೇಕು?

ತಾತ್ಪರ್ಯದ ಗಂಟು

ಎಲ್ಲ ಚೀಟಿಗಳೂ ವ್ಯಾಕರಣಶುದ್ಧವಾಗಿದ್ದರೆ ತಾತ್ಪರ್ಯ ತಾನೇ ಹೊರಡುತ್ತದೆಂದು ತಿಳಿಯುವುದು ಸಹಜ. ಆದರೆ ನಾಲ್ಕೇ ಸಾಲಿನಲ್ಲಿ ಈ ನಂಬಿಕೆ ಮುರಿಯುತ್ತದೆ. ಇಂಗ್ಲೆಂಡಿನ ವೇಲ್ಸ್ ನೌಕೆ ಇಂಗ್ಲಿಷ್ ಚಾನಲ್ಲಿಗೆ ನುಗ್ಗುತ್ತದೆ. ಲಂಡನ್ನಿನ ನೌಕೆ ಅದನ್ನು ಬೆಂಬಲಿಸುತ್ತದೆ. ಫ್ರಾನ್ಸಿನ ಬ್ರೆಸ್ಟ್ ಸೇನೆ ಲಂಡನ್ನಿಗೆ ಹೊರಟಿದೆ. ಚಾನಲ್ಲಿನಲ್ಲಿರುವ ಫ್ರೆಂಚ್ ನೌಕೆ ಅದನ್ನು ದಾಟಿಸುತ್ತಿದೆ.

ನಿಯಮ ಎರಡು. ಬೆಂಬಲಿಸುವವರ ಮೇಲೆ ದಾಳಿ ಬಿದ್ದರೆ ಬೆಂಬಲ ಮುರಿಯುತ್ತದೆ. ದಾಟಿಸುವ ನೌಕೆಯನ್ನು ಹೊರದಬ್ಬಿದರೆ ಸಾಗಣೆ ಮುರಿಯುತ್ತದೆ. ಸೇನೆ ದಾಟಿತು ಎಂದುಕೊಂಡರೆ ಲಂಡನ್ನಿನ ಬೆಂಬಲ ಮುರಿಯಿತು, ವೇಲ್ಸ್ ನೌಕೆ ಸೋತಿತು, ಚಾನಲ್ಲಿನ ನೌಕೆ ಉಳಿಯಿತು, ಆದ್ದರಿಂದ ಸೇನೆ ದಾಟಿತು. ಸರಿಹೋಯಿತು. ದಾಟಲಿಲ್ಲ ಎಂದುಕೊಂಡರೆ ಬೆಂಬಲ ಉಳಿಯಿತು, ವೇಲ್ಸ್ ನೌಕೆ ಗೆದ್ದಿತು, ಚಾನಲ್ಲಿನ ನೌಕೆ ಹೊರಬಿತ್ತು, ಆದ್ದರಿಂದ ಸೇನೆ ದಾಟಲಿಲ್ಲ. ಅದೂ ಸರಿಹೋಯಿತು! ಎರಡು ಕಥೆ, ಎರಡೂ ನಿಜ. ಇದರ ಮೇಲೆ ಜರ್ಮನಿಯ ಬೆಲ್ಜಿಯಂ ನೌಕೆಯೂ ನಾರ್ತ್ ಸೀಯ ಬೆಂಬಲದೊಡನೆ ಚಾನಲ್ಲಿಗೆ ನುಗ್ಗಿದರೆ ಇನ್ನೂ ಫಜೀತಿ. ಆಗ ಎರಡು ಕಥೆಗಳಲ್ಲಿ ಒಂದೂ ನಿಲ್ಲುವುದಿಲ್ಲ. ದಾಟಿತು ಎಂದರೆ ದಾಟಲಿಲ್ಲ ಎಂದಾಗುತ್ತದೆ, ದಾಟಲಿಲ್ಲ ಎಂದರೆ ದಾಟಿತು ಎಂದಾಗುತ್ತದೆ. ‘ನಾನು ಹೇಳುವುದೆಲ್ಲ ಸುಳ್ಳು’ ಎಂದವನ ಮಾತಿನಂಥದೇ ಗಂಟು.

ಈ ಸಾಲುಗಳಲ್ಲಿ ಒಂದಕ್ಷರದ ತಪ್ಪೂ ಇಲ್ಲ. ಗಂಟು ಇರುವುದು ಚೀಟಿಗಳು ಒಂದರ ಮೇಲೊಂದು ಅವಲಂಬಿಸಿರುವ ಬಗೆಯಲ್ಲಿ. ಇದನ್ನು ಯಾವ ವ್ಯಾಕರಣವೂ ಬಿಚ್ಚಲಾರದು. ಹೆಚ್ಚಿನ ನಿಯಮವೊಂದನ್ನು ಹೊರಗಿನಿಂದ ತರಬೇಕು. ಹೀಗೆ ಸುಳಿಗೆ ಸಿಕ್ಕಿದ ಸೇನೆ ಹಡಗು ಹತ್ತಲೇ ಇಲ್ಲ ಎಂದು ಲೆಕ್ಕ ಹಾಕುವುದು ಅಂಥ ಒಂದು ನಿಯಮ. ಪ್ರೋಗ್ರಾಂ ಬರೆಯುವವರು ಎಡವದಿರಲೆಂದು ಇಂಥ ಚಿತ್ರವಿಚಿತ್ರ ಸಂದರ್ಭಗಳನ್ನೆಲ್ಲ ಜೋಡಿಸಿದ ಡಿಎಟಿಸಿ ಎಂಬ ಪರೀಕ್ಷಾ ಸಂಗ್ರಹವೂ ಇದೆ.

ಹರಟೆ ಬೇರೆ, ಆದೇಶ ಬೇರೆ

ಇಷ್ಟೆಲ್ಲ ಮಡಿ ಆದೇಶಕ್ಕೆ ಮಾತ್ರ. ಆದೇಶಕ್ಕೆ ಮುಂಚಿನ ಮಾತುಕತೆ ಎಂದೂ ಮಡಿಗೆ ಒಳಪಟ್ಟಿರಲಿಲ್ಲ. ಯಂತ್ರಗಳೇ ಆಟಗಾರರಾಗಿ ಬಂದಾಗ ಮಾತುಕತೆಯನ್ನೂ ಸೂತ್ರಕ್ಕೆ ಕಟ್ಟುವ ಪ್ರಯತ್ನ ನಡೆಯಿತು. ಡೇಡ್ ಎಂಬ ಏರ್ಪಾಟಿನಲ್ಲಿ ಸಂಧಿಯ ಪ್ರಸ್ತಾಪ, ಒಪ್ಪಿಗೆ, ನಿರಾಕರಣೆ ಎಲ್ಲಕ್ಕೂ ಮೂರಕ್ಷರದ ಗುರುತು. ಯಾವುದು ಯಾವುದರ ಒಳಗೆ ಎಂದು ತೋರಿಸಲು ಸುತ್ತ ಕಂಸಗಳು. ಯಂತ್ರಕ್ಕೆ ಯಂತ್ರ ಅರ್ಥವಾಯಿತು. ಮನುಷ್ಯರಿಗೆ ಆ ಭಾಷೆಯಲ್ಲಿ ಸುಳ್ಳು ಹೇಳುವುದೇ ಬೇಸರ.

2022ರಲ್ಲಿ ಮೆಟಾ ಕಂಪನಿಯ ಸಂಶೋಧಕರು ಸಿಸೆರೊ ಎಂಬ ಕೃತಕ ಆಟಗಾರನನ್ನು ಅಂತರ್ಜಾಲದ ಲೀಗ್ ಒಂದರಲ್ಲಿ 40 ಆಟ ಆಡಿಸಿದರು. ಅದು ಸಾಮಾನ್ಯ ಇಂಗ್ಲಿಷಿನಲ್ಲಿ ಹರಟುತ್ತ, ಓಲೈಸುತ್ತ, 82 ಜನರ ಎದುರು 5,277 ಸಂದೇಶ ಬರೆಯಿತು. ಒಂದಕ್ಕಿಂತ ಹೆಚ್ಚು ಆಟ ಆಡಿದವರ ಸಾಲಿನಲ್ಲಿ ಮೇಲಿನ ಶೇ. 10ರೊಳಗೆ ನಿಂತಿತು. ಪ್ರತಿ ಸಂದೇಶ ಬರೆಯುವ ಮೊದಲು ಅದು ತಾನೂ ಎದುರಿಗಿರುವವರೂ ಮುಂದೇನು ಮಾಡಬಹುದೆಂದು ಲೆಕ್ಕ ಹಾಕಿ, ಆ ಉದ್ದೇಶವನ್ನು ತನ್ನೊಳಗೆ ಬರೆದುಕೊಳ್ಳುತ್ತಿತ್ತು. ಬರೆದುಕೊಳ್ಳುತ್ತಿದ್ದ ಬಗೆ ಹಳೆಯದೇ: ಪಡೆಗೆ ಒಂದಕ್ಷರ, ಊರಿಗೆ ಮೂರಕ್ಷರ, ಒಂದು ಅಡ್ಡಗೀಟು, ಮತ್ತೆ ಮೂರಕ್ಷರ.